ಮಕ್ಕಳ ಮುಂದೆ ಯಾರ ಚಿತ್ರವನ್ನಿಡಬೇಕು?

ಶಾಲೆಯ ಮಕ್ಕಳಿಗೆ ನಮ್ಮ ಕಾಲದ ಚಿತ್ರಕಾರರ ಕೃತಿಗಳನ್ನು ತೋರಿಸಿ, ಇವುಗಳಿಂದ ಸ್ಫೂರ್ತಿ ಪಡೆದು ನೀವೂ ಚಿತ್ರ ತೆಗೆಯಿರಿ ಎಂದು ಹೇಳುವದು ಸರಿಯೆ? ಇದು ಡ್ರಾಯಿಂಗ್ ಮಾಸ್ತರರು ಬಗೆಹರಿಸಿಕೊಳ್ಳಬೇಕಾದ ಸಂಗತಿ, ಕನ್ನಡ ಕಲಿಸುವ ನನ್ನಂಥವನಿಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಆದರೆ ಒಬ್ಬನ ಕೃತಿಯಿಂದ ಇನ್ನೊಬ್ಬನು ಎಷ್ಟು ತೆಗೆದುಕೊಳ್ಳಬಹುದು, ತೆಗೆದುಕೊಂಡ ಮೇಲೆ ಅದು ಯಾರದು ಎಂಬ ಪ್ರಶ್ನೆ ಕುಂಚಕ್ಕೆ ಹೇಗೋ ಲೇಖನಿಗೂ ಹಾಗೆಯೇ ತಗಲಿಕೊಂಡಿದೆ.

ಮಕ್ಕಳಿಗೆ ಯಾರ ಚಿತ್ರವನ್ನೂ ತೋರಿಸಬಾರದೆಂಬ ಒಂದು ಪಕ್ಷವಿದೆ. ವಿಯೆನ್ನಾದ ಫ್ರಾಂಜ್ ಚಿಜೆಕ್ 1897ರಲ್ಲಿ ಮಕ್ಕಳ ಕಲಾವರ್ಗವನ್ನು ತೆರೆದಾಗ ಅವನ ಶ್ರದ್ಧೆ ಇದೇ ಆಗಿತ್ತು: ಮಗು ತನ್ನ ಒಳಗಿನ ನಿಯಮದಂತೆ ಬೆಳೆಯಲಿ, ಹಿರಿಯರು ಕೈ ಹಾಕದಿರಲಿ. ಮಕ್ಕಳ ಚಿತ್ರವನ್ನೂ ಚಿತ್ರವೆಂದು ನೋಡುವ ಕಣ್ಣನ್ನು ಜಗತ್ತಿಗೆ ಕೊಟ್ಟವರಲ್ಲಿ ಅವನು ಮೊದಲಿಗ. ಆದರೂ ಆ ವರ್ಗದ ಮಕ್ಕಳ ಕೆಲಸದಲ್ಲಿಯೂ ಒಂದೇ ಧಾಟಿ ಕಾಣುತ್ತದೆಂದು ವಿಮರ್ಶಕರು ಆಕ್ಷೇಪಿಸದೆ ಬಿಡಲಿಲ್ಲ. ಅಷ್ಟು ದೂರ ಏಕೆ? ನಮ್ಮ ಮನೆಯ ಮಗುವಿಗೆ ಒಂದು ಹಾಳೆ ಕೊಟ್ಟು ‘ನಿನಗೆ ಬೇಕಾದ್ದು ತೆಗಿ’ ಎಂದು ಹೇಳಿ ನೋಡಬೇಕು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗಿಳಿದು ಬರುವ ಹೊಳೆ, ಪಕ್ಕಕ್ಕೊಂದು ತೆಂಗಿನ ಗಿಡ. ನವಲಗುಂದದ ಕಡೆಯ ಹುಡುಗ ಇದನ್ನೆಲ್ಲಿ ಕಂಡಾನು? ಅವನ ಸೂರ್ಯ ಮುಳುಗುವದು ಬಯಲು ಎರಿಹೊಲದ ಅಂಚಿನಲ್ಲಿ. ಆ ಗುಡ್ಡಗಳು ಮೊದಲು ಕ್ಯಾಲೆಂಡರಿನಿಂದ ಬರುತ್ತಿದ್ದವು, ಈಗ ಮೊಬೈಲಿನಿಂದ ಬರುತ್ತವೆ. ಮಾದರಿಯೇ ಇಲ್ಲದ ಮಗು ಎಲ್ಲಿಯೂ ಇಲ್ಲ. ಒಳ್ಳೆಯದನ್ನು ನಾವು ಇಡದಿದ್ದರೆ ಅಗ್ಗದ್ದು ತಾನಾಗಿಯೇ ಬಂದು ಕೂಡುತ್ತದೆ.

ಹಾಗಾದರೆ ರವಿವರ್ಮನನ್ನೋ ಅಜಂತೆಯನ್ನೋ ಇಡಬಾರದೆ? ಇಡಬಹುದು. ಆದರೆ ಅವುಗಳ ಮುಂದೆ ಮಗು ಕೈಮುಗಿದು ನಿಲ್ಲುತ್ತದೆ. ತನ್ನ ಕಾಲದವನ ಚಿತ್ರದ ಮುಂದೆ ‘ಇದನ್ನು ನಾನೂ ಮಾಡಬಲ್ಲೆ’ ಎನ್ನುತ್ತದೆ. ಅದರಲ್ಲಿ ಅರ್ಧ ಅಹಂಕಾರವೇ ಇರಲಿ, ಆ ಧೈರ್ಯ ಬೇಕು.

ತೊಡಕು ಹುಟ್ಟುವದು ಇದರ ಮುಂದೆ. ಹಿಂದೊಮ್ಮೆ ನಮ್ಮ ಊರಿನ ಒಂದು ಶಾಲೆಯ ಚಿತ್ರಪ್ರದರ್ಶನಕ್ಕೆ ನನ್ನನ್ನು ಪರೀಕ್ಷಕನೆಂದು ಕರೆದಿದ್ದರು. ವಿಷಯ ಕೆ. ಕೆ. ಹೆಬ್ಬಾರರ ರೇಖೆಗಳು. (1996ರಲ್ಲಿ ತೀರಿಕೊಂಡವರನ್ನು ಸಮಕಾಲೀನರೆನ್ನಬಹುದೆ ಎಂದು ತಕರಾರು ಮಾಡುವವರು ಮಾಡಲಿ, ಆ ಶಾಲೆಯ ಗೋಡೆಗೆ ಅವರು ಆಗತಾನೆ ಬಂದಿದ್ದರು.) ಗೋಡೆಯ ತುಂಬ ಕುಣಿಯುವ ಹೆಣ್ಣುಮಕ್ಕಳು, ಎಲ್ಲರಿಗೂ ಕಪ್ಪು ಮಸಿಯ ಅದೇ ಬಳುಕು, ಅದೇ ಎತ್ತಿದ ಕೈ. ಒಂದು ಹಾಳೆ ಮಾತ್ರ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ತಿರುಗಿಸಿದರೆ ಒಂದು ಮಣ್ಣೆತ್ತು. ಹುಡುಗನನ್ನು ಕರೆದು, “ಯಾಕೋ ತಮ್ಮಾ, ಕುಣಿಯೋದನ್ನ ಬಿಟ್ಟು ಇದನ್ಯಾಕ ತೆಗದಿ?” ಎಂದು ಕೇಳಿದೆ. “ಒಂದಽ ಗೆರಿ ಒಳಗ ಎತ್ತಿನ ಬೆನ್ನ ಬರತೈತ್ರಿ ಸರ, ಇಣಿಯಿಂದ ಬಾಲದ ತನಕ” ಎಂದ.

ಮೊದಲ ಬಹುಮಾನ ಅವನಿಗೆ ಎಂದೆ. ಮಾಸ್ತರರು ಒಪ್ಪಲಿಲ್ಲ. “ಉಳಿದವರೆಲ್ಲ ಹೇಳಿದ್ದು ಮಾಡ್ಯಾರ್ರಿ. ಹೇಳಿದ್ದು ಬಿಟ್ಟವಗ ಬಹುಮಾನ ಕೊಟ್ರ ನಾಳೆ ನನ್ನ ಮಾತು ಯಾರು ಕೇಳ್ತಾರ?” ಈ ವಾದ ಹುರುಳಿಲ್ಲದ್ದಲ್ಲ. ಮಾತು ಕೇಳಿದ ಮಕ್ಕಳಿಗೆ ಅನ್ಯಾಯವಾಗಬಾರದು ಎಂಬ ಕಳಕಳಿ ಅದರಲ್ಲಿದೆ. ಆದರೆ ಆ ಮಕ್ಕಳಿಗೆ ಹೇಳಿದ್ದೇನು ಎಂಬುದೇ ನನ್ನ ಪ್ರಶ್ನೆ.

ಒಂಬತ್ತನೆಯ ಶತಮಾನದ ಆನಂದವರ್ಧನ ತನ್ನ ‘ಧ್ವನ್ಯಾಲೋಕ’ದ ಕೊನೆಯ ಭಾಗದಲ್ಲಿ ಒಂದು ಕಾವ್ಯ ಇನ್ನೊಂದನ್ನು ಹೋಲುವ ಬಗೆಗಳನ್ನು ಮೂರಾಗಿ ವಿಂಗಡಿಸಿದ್ದಾನೆ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಹೋಲುವದು ಒಂದು. ಅದಕ್ಕೆ ತನ್ನದೆಂಬ ಜೀವವಿಲ್ಲ. ಬರೆದ ಚಿತ್ರ ಮೂಲವನ್ನು ಹೋಲುವಂತೆ ಹೋಲುವದು ಎರಡನೆಯದು. ಅದರ ಜೀವ ತೀರ ಕಿರಿದು. (ಇಲ್ಲಿ ಕಾವ್ಯಮೀಮಾಂಸಕ ಚಿತ್ರಕಾರನಿಗೆ ತುಸು ಅನ್ಯಾಯ ಮಾಡಿದನೆಂದೇ ನನ್ನ ಎಣಿಕೆ.) ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಹೋಲುವಂತೆ ಹೋಲುವದು ಮೂರನೆಯದು. ಮೊದಲಿನ ಎರಡನ್ನು ಕವಿ ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ. ಮೂಗು, ಕಣ್ಣು, ನಡಿಗೆ ಹೋಲಬಹುದು. ಒಳಗೆ ಉಸಿರಾಡುವವನು ಮಾತ್ರ ಬೇರೆ. ಗೋಡೆಯ ಮೇಲಿನವು ಪ್ರತಿಬಿಂಬಗಳು; ಆ ಎತ್ತು ಹೆಬ್ಬಾರರ ರೇಖೆಗೆ ಒಡಹುಟ್ಟಿದ್ದು. ನಮ್ಮ ಸೀಮೆಯಲ್ಲಿ ಮಣ್ಣೆತ್ತಿನ ಅಮವಾಸ್ಯೆಯಂದು ಮಕ್ಕಳು ತಾವೇ ಮಣ್ಣು ಕಲಿಸಿ ಎತ್ತು ಮಾಡುತ್ತಾರಲ್ಲವೆ? ಆ ಬೆನ್ನಿನ ಇಳಿಜಾರು ಅವನ ಹೆಬ್ಬೆರಳಿಗೆ ಮೊದಲೇ ಗೊತ್ತಿತ್ತು. ಅದು ರೇಖೆಯೂ ಆಗಬಹುದೆಂದು ಹೆಬ್ಬಾರರಿಂದ ತಿಳಿಯಿತು, ಅಷ್ಟೆ.

ಹೆಬ್ಬಾರರು ಕುಣಿತದ ಲಯವನ್ನು ಹಿಡಿಯಲು ತಾವೇ ಗುರುವನ್ನು ಹುಡುಕಿ ಕಥಕ್ ನೃತ್ಯ ಕಲಿತರು. ಕುಂಚ ಹಿಡಿದ ದೊಡ್ಡ ಮನುಷ್ಯ ಕಾಲಿಗೆ ಗೆಜ್ಜೆ ಕಟ್ಟಿದ್ದು ಮಕ್ಕಳಿಗೆ ಹೇಳಬೇಕಾದ ಸಂಗತಿ. ಅದನ್ನು ಹೇಳಿದರೆ ಯಾವ ಮಗು ಅವರ ನರ್ತಕಿಯನ್ನು ನಕಲು ಮಾಡುತ್ತ ಕೂತೀತು? ಅಂಗಳಕ್ಕೆ ಹೋಗಿ ಕುಂಟಾಟ ಆಡುವ ಗೆಳತಿಯ ಕಾಲನ್ನು ನೋಡಿಯಾದರೂ ನೋಡೀತು.

ನಕಲು ಮಾಡದೆ ಕಲಿತವರುಂಟೆ ಎಂದು ನಮ್ಮೂರಿನವರೇ ಕೇಳುತ್ತಾರೆ, ಸಂಗೀತವನ್ನು ತೋರಿಸಿ. ಕುಂದಗೋಳದ ಸವಾಯಿ ಗಂಧರ್ವರ ಮುಂದೆ ಕುಳಿತು ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಗುರು ಹಾಡಿದ್ದನ್ನೇ ತಿರುತಿರುಗಿ ಹಾಡಲಿಲ್ಲವೆ? ಹಾಡಿದರು. ಆದರೂ ಕಣ್ಣು ಮುಚ್ಚಿ ಕೇಳಿದವರು ಅವರಿಬ್ಬರನ್ನು ಎಂದೂ ಅದಲುಬದಲು ಮಾಡಿಕೊಳ್ಳಲಾರರು. ಆ ಅನುಕರಣೆಯ ಹಿಂದೆ ವರ್ಷಗಟ್ಟಲೆ ಸಾಧನೆಯಿತ್ತು. ಅನುಕರಣೆ ಕರಗಿ ಸ್ವಂತ ದನಿಯಾಗುವಷ್ಟು ಕಾಲಾವಕಾಶವಿತ್ತು. ಶಾಲೆಯಲ್ಲಿರುವದು ನಾಲ್ವತ್ತು ನಿಮಿಷದ ಪೀರಿಯಡ್ಡು, ಸೋಮವಾರ ಒಪ್ಪಿಸಬೇಕಾದ ಪ್ರಾಜೆಕ್ಟು, ಭಾನುವಾರ ರಾತ್ರಿ ಅದನ್ನು ಮುಗಿಸುವ ತಾಯಿ. ಕಾಲ ಕೊಡದೆ ಅನುಕರಣೆಯನ್ನಷ್ಟೇ ಕೊಟ್ಟರೆ ಮಗುವಿನ ಕೈಗೆ ಉಳಿಯುವದು ಬರಿ ಮುಖವಾಡ. ಅದಕ್ಕೆ ಪಾರಿತೋಷಕ ಬಂದಾಗ ಅದು ಯಾರ ದುಡಿಮೆಯ ಫಲವೆಂದು ಮಗುವಿಗೆ ಗೊತ್ತೇ ಇರುತ್ತದೆ. ನನ್ನನ್ನು ಕಾಡುವದು ಈ ಗೊತ್ತಿರುವಿಕೆ. ಹತ್ತು ವರ್ಷದ ಮಗು ತನ್ನದಲ್ಲದ ಹೊಗಳಿಕೆಯನ್ನು ನಗುತ್ತ ಸ್ವೀಕರಿಸಲು ನಮ್ಮ ಎದುರಿಗೇ ಕಲಿಯುತ್ತದೆ.

ಬೆಂಗಳೂರಿನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ; ಇಲ್ಲಿಂದ ನಾಲ್ಕು ನೂರು ಕಿಲೋಮೀಟರಿನ ಹಾದಿ, ವರ್ಷಕ್ಕೊಮ್ಮೆ ಹೋದರೂ ದೊಡ್ಡದು. ಆದರೆ ಡಿ. ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆ ತೆರೆದಂದಿನಿಂದ ಈ ಅವಳಿ ಊರುಗಳಲ್ಲಿ ಚಿತ್ರಕಾರರಿಗೆ ಬರಗಾಲ ಬಂದಿಲ್ಲ. ಒಬ್ಬರನ್ನು ಶಾಲೆಗೆ ಕರೆಯಬೇಕು. ಸತ್ಕಾರ, ಶಾಲು, ಭಾಷಣ ಬೇಡ. ಎರಡು ಪೀರಿಯಡ್ಡು ಕೂಡಿಸಿ ಮಕ್ಕಳ ನಡುವೆ ಕೂತು ಕೆಲಸ ಮಾಡಲಿ. ಬರುವಾಗ ಚೌಕಟ್ಟು ಹಾಕಿಸಿದ ಚಿತ್ರದ ಜೊತೆಗೆ ಅದಕ್ಕಾಗಿ ಕೆಡಿಸಿ ಬಿಸಾಕಿದ ಹಾಳೆಗಳನ್ನೂ ಒಂದು ಚೀಲದಲ್ಲಿ ತನ್ನಿರೆಂದು ಮೊದಲೇ ಹೇಳಿರಬೇಕು.