ನಾಮಕರಣದ ಹೊಣೆ

ಮಗುವಿಗೆ ಹೆಸರಿಡುವುದು ನಮ್ಮಲ್ಲಿ ಮನೆಮಂದಿಯೆಲ್ಲ ಸೇರಿ ಮಾಡುವ ಕೆಲಸ. ಕೆಲವು ಮನೆಗಳಲ್ಲಿ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರನ್ನು ಬರೆದು, ಕೂಸಿನ ಕಿವಿಯಲ್ಲಿ ಉಸುರುತ್ತಾರೆ. ಕೆಲವು ಕಡೆ ತೊಟ್ಟಿಲ ಸುತ್ತ ಹೆಂಗಸರು ನೆರೆದು, ಸೋದರತ್ತೆ ಹೆಸರು ಕರೆಯುತ್ತಾಳೆ. ಪದ್ಧತಿ ಯಾವುದೇ ಇರಲಿ, ಹತ್ತು ಜನರ ಒಪ್ಪಿಗೆ ಅದಕ್ಕುಂಟು. ಕತೆಗಾರ ಮಾಡುವ ನಾಮಕರಣಕ್ಕೆ ಇಂಥ ಸಾಕ್ಷಿಗಳಿಲ್ಲ. ಅವನು ಒಬ್ಬನೇ ಕುಳಿತು, ಬೆಳೆದು ನಿಂತ ಮನುಷ್ಯನಿಗೆ, ಅವನ ಹಣೆಬರಹವನ್ನು ಮೊದಲೇ ಬಲ್ಲವನಾಗಿ, ಹೆಸರಿಡುತ್ತಾನೆ. ಆ ಹೆಸರು ಬೇಡವೆನ್ನಲು ಅಲ್ಲಿ ಅಜ್ಜಿಯೂ ಇಲ್ಲ, ಸೋದರಮಾವನೂ ಇಲ್ಲ. ಕೇಳುವವರಿಲ್ಲದ ಕಡೆ ಅಧಿಕಾರ ಹೆಚ್ಚು. ಅಧಿಕಾರವಿರುವ ಕಡೆ ಹೊಣೆಯೂ ಇರಬೇಕಾದದ್ದು ನ್ಯಾಯ. ಆ ಹೊಣೆ ಯಾರಿಗೆ ಸಲ್ಲತಕ್ಕದ್ದು ಎಂಬುದು ಕೊಂಚ ಯೋಚಿಸಬೇಕಾದ ಪ್ರಶ್ನೆ.

ಹೆಸರು ಬರಿಯ ಗುರುತು, ಅದಕ್ಕೇಕೆ ಇಷ್ಟು ಜಿಜ್ಞಾಸೆ ಎನ್ನುವವರುಂಟು. ‘ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ’ ಎಂಬ ಗಾದೆಯೂ ಅವರ ಪರವಾಗಿಯೇ ನಿಂತಂತೆ ಕಾಣುತ್ತದೆ. ಆದರೆ ಗಾದೆಯನ್ನು ಇನ್ನೊಮ್ಮೆ ನೋಡಬೇಕು. ಮನೆಯಲ್ಲಿ ಮಜ್ಜಿಗೆಯಿಲ್ಲದಿರುವುದು ‘ಕ್ಷೀರಸಾಗರ’ವನ್ನು ಸುಳ್ಳುಮಾಡಿತು, ನಿಜ. ‘ಭಟ್ಟ’ ಎಂಬ ಎರಡಕ್ಷರವನ್ನು ಸುಳ್ಳುಮಾಡಲಿಲ್ಲ. ನಮ್ಮ ನಾಡಿನಲ್ಲಿ ಹೆಸರು ಮನುಷ್ಯನ ಗುಣವನ್ನು ಹೇಳದಿರಬಹುದು. ಅವನ ಜಾತಿಯನ್ನೋ ಸೀಮೆಯನ್ನೋ ತಲೆಮಾರನ್ನೋ ಹೇಳದೆ ಬಿಡುವುದು ಅಪರೂಪ. ಧಾರವಾಡ, ಬೆಳಗಾವಿಗಳ ಕಡೆ ಅಂಗಡಿ, ಬೆಲ್ಲದ, ಮೆಣಸಿನಕಾಯಿ ಎಂಬ ಅಡ್ಡಹೆಸರುಗಳು. ಹಳೆಯ ಮೈಸೂರಿನಲ್ಲಿ ಊರಿನದೊಂದು, ತಂದೆಯದೊಂದು ಅಕ್ಷರ ಹೆಸರಿನ ಮುಂದೆ. ಕೊಡಗಿನಲ್ಲಿ ಮನೆತನದ ಹೆಸರಿಗೆ ಮೊದಲ ಸ್ಥಾನ. ಕರಾವಳಿಯಲ್ಲಿ ಐತಾಳ, ಶೆಟ್ಟಿ, ಪೂಜಾರಿ ಎಂಬುವು ಹೆಸರಿನ ಕೊನೆಗೆ. ಹೀಗಿರುವಾಗ ಪಾತ್ರಕ್ಕೆ ಹೆಸರು ಬರೆದ ಗಳಿಗೆಯಲ್ಲೇ ಲೇಖಕ ಅರ್ಧ ಕತೆಯನ್ನು ಹೇಳಿಬಿಟ್ಟಿರುತ್ತಾನೆ.

ಆದ್ದರಿಂದ ಅವನ ಮೊದಲ ಹೊಣೆ ಆ ಜನಜೀವನದ ನಿಜಕ್ಕೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ 1941ರಲ್ಲಿ ಹೊರಬಂತು. ಅದರಲ್ಲಿ ಮೊದಲ ತಲೆಮಾರಿನ ರಾಮ ಐತಾಳರ ಹೆಸರೇ ಮೂರನೆಯ ತಲೆಮಾರಿನ ಮೊಮ್ಮಗನಿಗೂ ಇದೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ವಾಡಿಕೆಯಾದ್ದರಿಂದ ಓದುಗನಿಗೆ ಅದು ವಿಶೇಷವಾಗಿ ತೋರುವುದಿಲ್ಲ. ಊರು ಬಿಟ್ಟು ಅಲೆದ ಹುಡುಗ ಕೊನೆಗೆ ಅಜ್ಜನ ನೆಲಕ್ಕೆ ಬಂದಾಗ, ಆ ಹೆಸರೂ ಮರಳಿ ಬಂದಿತೆಂಬುದು ತಾನಾಗಿ ಹೊಳೆಯುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇನ್ನೊಂದು ಬಗೆಯದು. ಪ್ರಾಣೇಶನೆಂಬುದು ಮಾಧ್ವರ ಮುಖ್ಯಪ್ರಾಣನನ್ನು ನೆನಪಿಗೆ ತರುವ ಹೆಸರು; ಅದರ ಮೇಲೆ ಆಚಾರ್ಯತ್ವದ ಭಾರ ಬೇರೆ. ನಾರಣಪ್ಪನೆಂಬುದು ನಾರಾಯಣಪ್ಪನೇ ಜನರ ಬಾಯಲ್ಲಿ ಸವೆದು ಉಳಿದ ರೂಪ. ಒಂದೇ ಅಗ್ರಹಾರದ ಇಬ್ಬರ ನಡುವಣ ಅಂತರವನ್ನು ಎರಡು ಹೆಸರುಗಳು ಹೇಳುತ್ತವೆ. ಎರಡೂ ಆ ಅಗ್ರಹಾರದಲ್ಲಿ ಕಿವಿಗೆ ಬೀಳಬಹುದಾದ ಹೆಸರುಗಳೇ.

ಜಾತಿಯ ಗೊಡವೆ ಬೇಡವೆಂದು ಕೆಲವು ಲೇಖಕರು ಹೆಸರಿನ ಬಾಲವನ್ನು ಕತ್ತರಿಸುತ್ತಾರೆ. ಬದುಕಿನಲ್ಲಿ ಹಾಗೆ ಮಾಡಿದವರ ಬಗ್ಗೆ ನನಗೆ ಗೌರವವಿದೆ. ಕತೆಯಲ್ಲಿ ಮಾತ್ರ ಅದರ ಪರಿಣಾಮ ವಿಚಿತ್ರ. ನಾಯಕ ಆನಂದನೋ ಪ್ರಕಾಶನೋ ಆಗಿ, ಊರು ಕೇರಿಗಳ ಹಂಗಿಲ್ಲದೆ ಓಡಾಡುತ್ತಾನೆ. ಅದೇ ಕತೆಯಲ್ಲಿ ಅವನಿಗೆ ಕಾಫಿ ತಂದುಕೊಡುವ ಆಳು ನಿಂಗ, ತೋಟದವನು ಕರಿಯ, ಕಸಗುಡಿಸುವವಳು ಮಾರಿ. ಜಾತಿಯಿಂದ ಬಿಡುಗಡೆ ದೊರೆತದ್ದು ನಾಯಕನಿಗೆ ಮಾತ್ರ. ಉಳಿದವರೆಲ್ಲ ಇದ್ದಲ್ಲಿಯೇ ಇದ್ದಾರೆ. ಇದರಲ್ಲಿ ಲೇಖಕನ ದುರುದ್ದೇಶವೇನೂ ಇರಲಾರದು. ಆ ಹೆಸರುಗಳನ್ನು ಅವನು ಆರಿಸಿಕೊಂಡದ್ದೇ ಅಲ್ಲ. ಕೈಗೆ ಬಂದದ್ದನ್ನು ಹಾಕಿದ, ಅಷ್ಟೆ. ಅನ್ಯಾಯದ ಬಹುಪಾಲು ಹೀಗೆ ರೂಢಿಯ ಬಲದಿಂದಲೇ ನಡೆಯುತ್ತದೆ.

ಹಾಸ್ಯಕ್ಕಾಗಿ ಬಳಸುವ ಹೆಸರುಗಳ ಕತೆ ಇನ್ನೂ ನೋವಿನದು. ಮಕ್ಕಳು ಹುಟ್ಟಿ ಹುಟ್ಟಿ ಸಾಯುತ್ತಿದ್ದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಯಾರೂ ಆಸೆಪಡದ ಹೆಸರಿದ್ದರೆ ಸಾವಿನ ಕಣ್ಣಿಗೂ ಬೀಳದೆಂಬ ನಂಬಿಕೆ. ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂದು ಗುಂಡಪ್ಪ, ಕಲ್ಲಪ್ಪ. ಹೆಣ್ಣುಮಕ್ಕಳ ಸಾಲು ಇಲ್ಲಿಗೆ ಸಾಕೆಂದು ಸಾಕಮ್ಮನೆಂದು ಹೆಸರಿಟ್ಟ ಮನೆಗಳೂ ಉಂಟು. ಇಂಥ ಹೆಸರಿನ ಹಿಂದೆ ತಾಯಿಯೊಬ್ಬಳ ಭಯವಿದೆ, ಇಲ್ಲವೆ ಮಗಳೊಬ್ಬಳು ಹುಟ್ಟುತ್ತಲೇ ಕೇಳಿದ ತಿರಸ್ಕಾರವಿದೆ. ತರಗತಿಯಲ್ಲಿ ಕತೆ ಓದುವಾಗ ತಿಪ್ಪಯ್ಯನ ಹೆಸರು ಬಂದಕೂಡಲೆ ನಗುವ ಹುಡುಗರಿರುತ್ತಾರೆ. ಆ ಹೆಸರಿನ ಅಜ್ಜನಿದ್ದ ಹುಡುಗ ಪುಸ್ತಕದಿಂದ ಕಣ್ಣೆತ್ತುವುದಿಲ್ಲ. ಪಾಠ ಹೇಳುವವನ ಕಣ್ಣಿಗೆ ಎರಡೂ ಬೀಳುತ್ತವೆ. ಕತೆಗಾರನಿಗೆ ಎರಡನೆಯ ಹುಡುಗ ಎಂದೂ ಕಾಣುವುದಿಲ್ಲ. ಆದರೂ ಅವನೂ ಓದುಗನೇ.

ಹಾಗೆಂದು ಇಂಥ ಹೆಸರುಗಳನ್ನು ಬಿಟ್ಟುಬಿಡಬೇಕೆ? ಬಿಟ್ಟರೆ ಆ ಜನರನ್ನೇ ಸಾಹಿತ್ಯದಿಂದ ಹೊರಗಿಟ್ಟಂತೆ. 1933ರ ‘ಚೋಮನ ದುಡಿ’ಯಲ್ಲಿ ಚೋಮನನ್ನು ಚೋಮಪ್ಪನೆಂದು ಕರೆದಿದ್ದರೆ ಗೌರವ ಬರುತ್ತಿರಲಿಲ್ಲ, ಸುಳ್ಳು ಬರುತ್ತಿತ್ತು. ಊರಿನ ಒಡೆಯರು ಅವನನ್ನು ಕರೆಯುವುದು ಹಾಗೆಯೇ. ತುಂಡು ನೆಲವನ್ನು ತಾನೇ ಬೇಸಾಯ ಮಾಡಬೇಕೆಂಬ ಅವನ ಹಂಬಲವನ್ನು ಕಾರಂತರು ಗಂಭೀರವಾಗಿ ತೆಗೆದುಕೊಂಡದ್ದರಿಂದ, ಆ ಮೋಟು ಹೆಸರೇ ಇಂದು ಗೌರವದ ಹೆಸರಾಗಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿ, ಸದಾ ಜೊತೆಗಿರುವ ನಾಯಿಯ ದೆಸೆಯಿಂದ ‘ನಾಯಿಗುತ್ತಿ’ಯಾದವನು. ಹೆಸರಿನಲ್ಲಿ ಗೇಲಿಯಿದೆ. ಆದರೆ ಆ ನಾಯಿ ಹುಲಿಯನಿಗೂ ಅವನಿಗೂ ಇರುವ ನಂಟನ್ನು ಕಂಡಮೇಲೆ ಓದುಗನಿಗೆ ಗೇಲಿಮಾಡಲು ಮನಸ್ಸು ಬರುವುದಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನ ಹೆಸರನ್ನು ಓದುವಾಗ ‘ಸಾಕು’ ಎಂಬುದು ಕಿವಿಗೆ ಬೀಳುವುದಿಲ್ಲ, ‘ಅವ್ವ’ ಎಂಬುದು ಬೀಳುತ್ತದೆ. ಹೆಸರು ಕೀಳೂ ಅಲ್ಲ, ಮೇಲೂ ಅಲ್ಲ. ಅದನ್ನಿಟ್ಟವನು ಆ ಮನುಷ್ಯನನ್ನು ಎಷ್ಟು ಹೊತ್ತು ನೋಡಿದ್ದಾನೆ ಎಂಬುದೇ ಮುಖ್ಯ.

ಇನ್ನೊಂದು ಹೊಣೆ ಬದುಕಿರುವವರಿಗೆ ಸಲ್ಲತಕ್ಕದ್ದು. ಕತೆಗಾರನಿಗೆ ಪಾತ್ರಗಳು ಆಕಾಶದಿಂದ ಉದುರುವುದಿಲ್ಲ. ಓಣಿಯಲ್ಲಿ, ಕಚೇರಿಯಲ್ಲಿ, ನಂಟರ ಮನೆಗಳಲ್ಲಿ ಸಿಕ್ಕುತ್ತವೆ. ಹೆಸರು ಬದಲಿಸಿದ್ದೇನಲ್ಲ, ಇನ್ನೇನು ಎಂದು ಅವನು ಸಮಾಧಾನಪಡುತ್ತಾನೆ. ಸಣ್ಣ ಊರಿನಲ್ಲಿ ಈ ಸಮಾಧಾನಕ್ಕೆ ಬೆಲೆಯಿಲ್ಲ. ಪದ್ಮಾವತಿಯನ್ನು ಸರೋಜಳೆಂದು ಬರೆದರೂ, ಮನೆಯ ಮುಂದಿನ ನುಗ್ಗೆಮರ, ಬಿಟ್ಟುಹೋದ ಗಂಡ, ಎಡಗೆನ್ನೆಯ ಮಚ್ಚೆ ಉಳಿದರೆ ಊರಿಗೆ ಅಷ್ಟೇ ಸಾಕು. ವೈದೇಹಿಯವರಿಗೆ ಆ ಕಾವ್ಯನಾಮ ಬಂದ ಬಗೆಯನ್ನು ಇಲ್ಲಿ ನೆನೆಯಬಹುದು. ಬರೆವಣಿಗೆಯ ಮೊದಲ ದಿನಗಳಲ್ಲಿ ಅವರು ‘ಸುಧಾ’ ವಾರಪತ್ರಿಕೆಗೊಂದು ಕತೆ ಕಳುಹಿಸಿದರು. ನಿಜವಾಗಿ ನಡೆದ ಸಂಗತಿ ಅದರಲ್ಲಿದ್ದುದರಿಂದ ಪ್ರಕಟಿಸಬೇಡಿರೆಂದು ಆಮೇಲೆ ಕೇಳಿಕೊಂಡರು. ಸಂಪಾದಕರು ಕತೆಯನ್ನು ಕೈಬಿಡದೆ, ಬರೆದವರ ಹೆಸರನ್ನು ‘ವೈದೇಹಿ’ ಎಂದು ಬದಲಿಸಿ ಅಚ್ಚುಮಾಡಿದರು. ಪಾತ್ರದ ಹೆಸರಷ್ಟನ್ನೇ ಮರೆಮಾಡಿದರೆ ಸಾಲದೆಂಬುದು ಇದರಿಂದ ತಿಳಿಯುತ್ತದೆ. ಹೇಳಿದವರು ಯಾರೆಂದು ಗೊತ್ತಾದರೆ, ಯಾರನ್ನು ಕುರಿತು ಹೇಳಿದ್ದೆಂಬುದನ್ನು ಊರು ಊಹಿಸಿಕೊಳ್ಳುತ್ತದೆ.

ಹಾಗಾದರೆ ಕಂಡವರ ಕತೆಯನ್ನು ಬರೆಯಲೇಬಾರದೆ? ಎಲ್ಲರ ಒಪ್ಪಿಗೆಗೆ ಕಾದರೆ ಯಾವ ಸತ್ಯವೂ ಹೊರಬೀಳದು. ಬಲವಂತರಂತೂ ಎಂದೂ ಒಪ್ಪರು. ಇಲ್ಲಿ ಎಲ್ಲರಿಗೂ ಒಂದೇ ಅಳತೆ ಸಲ್ಲದೆಂದು ನನ್ನ ಭಾವನೆ. ಊರಿನ ಸಾಹುಕಾರ ಬಡವನ ಹೊಲವನ್ನು ನುಂಗಿದ್ದರೆ ಅದು ಊರಿನ ಸಂಗತಿ. ಗುರುತು ಸಿಕ್ಕಿತೆಂದು ಅವನು ಮುನಿದರೆ ಲೇಖಕ ಹೆದರಬೇಕಾಗಿಲ್ಲ. ಆದರೆ ಅಸಹಾಯಕಳಾದ ಹೆಣ್ಣೊಬ್ಬಳು ನಂಬಿ ಹೇಳಿಕೊಂಡ ಗುಟ್ಟು ಅವಳ ಸ್ವತ್ತು. ಅದನ್ನು ಬರೆಯುವವನು ಹೆಸರಿನ ಜೊತೆಗೆ ನುಗ್ಗೆಮರವನ್ನೂ ಮಚ್ಚೆಯನ್ನೂ ಬದಲಿಸಬೇಕು. ಅವನ್ನು ಬದಲಿಸಿದರೆ ಕತೆ ಕುಸಿಯುವುದಾದರೆ, ಅವನು ಇನ್ನೂ ಕತೆ ಕಟ್ಟಿಲ್ಲ, ಸುದ್ದಿ ಹೇಳುತ್ತಿದ್ದಾನೆ ಎಂದೇ ಅರ್ಥ.

ಐತಿಹಾಸಿಕ ಕಾದಂಬರಿಕಾರನಿಗೆ ಹೆಸರು ಬದಲಿಸುವ ಅನುಕೂಲವೂ ಇಲ್ಲ. ಮಾಸ್ತಿಯವರು ‘ಚಿಕವೀರ ರಾಜೇಂದ್ರ’ವನ್ನು (1956) ಬರೆದಾಗ, 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ಅರಸನ ಹೆಸರನ್ನೇ ಪುಸ್ತಕದ ಹಣೆಯ ಮೇಲೆ ಬರೆಯಬೇಕಾಯಿತು. ಸತ್ತವರು ಎದ್ದುಬಂದು ಆಕ್ಷೇಪಿಸಲಾರರು. ಆದ್ದರಿಂದಲೇ ಅವರ ಹೆಸರನ್ನು ಬಳಸುವವನು ದಾಖಲೆಗಳಿಗೆ ಇನ್ನಷ್ಟು ವಿಧೇಯನಾಗಿರಬೇಕು. ಕಲ್ಪನೆಯ ಪಾಪವನ್ನು ನಿಜವಾದ ಹೆಸರಿನ ತಲೆಗೆ ಕಟ್ಟಬಾರದು.

ಊರುಗಳ ಹೆಸರಿಗೂ ಈ ಮಾತು ಸಲ್ಲುತ್ತದೆ. ‘ಸಂಸ್ಕಾರ’ದ ದೂರ್ವಾಸಪುರ ಕಲ್ಪಿತ ಅಗ್ರಹಾರ. ಅದರಿಂದ ಯಾವೊಂದು ಊರಿಗೂ ಅಪವಾದ ತಗಲಲಿಲ್ಲ. ಅದೇ ಕಾರಣದಿಂದ, ಇದು ನಮ್ಮ ಕತೆಯಲ್ಲವೆಂದು ನಿಶ್ಚಿಂತೆಯಿಂದಿರುವ ಹಕ್ಕೂ ಯಾವ ಅಗ್ರಹಾರಕ್ಕೂ ಉಳಿಯಲಿಲ್ಲ. ಮೈಸೂರಿನಲ್ಲಿ ನೆಲೆಸಿದ್ದ ಆರ್. ಕೆ. ನಾರಾಯಣರ ಮಾಲ್ಗುಡಿಯ ಕತೆ ಇನ್ನೂ ಸ್ವಾರಸ್ಯವಾದದ್ದು. 1935ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿಯಿಂದಲೇ ಇರುವ ಆ ಊರು ಭೂಪಟದಲ್ಲಿಲ್ಲ. ಆದರೆ ಶಂಕರ್ ನಾಗ್ ಅದನ್ನು ದೂರದರ್ಶನಕ್ಕೆ ತಂದಮೇಲೆ, ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲ್ವೆ ನಿಲ್ದಾಣದಲ್ಲಿ ಈಚಿನ ವರ್ಷಗಳಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೇ ಎದ್ದಿದೆ. ಇಲ್ಲದ ಊರಿನ ಹೆಸರು ಇರುವ ನಿಲ್ದಾಣಕ್ಕೆ ಬಂದು ಸೇರಿತು.

ಕತೆಗಾರನಿಟ್ಟ ಹೆಸರು ಕತೆಯೊಳಗೇ ಉಳಿಯುವುದಿಲ್ಲವೆಂಬುದಕ್ಕೆ ಇದು ಸಂತೋಷದ ಸಾಕ್ಷಿ. ತರಗತಿಯಲ್ಲಿ ತಲೆತಗ್ಗಿಸಿದ ಹುಡುಗ ಅದಕ್ಕೆ ಸಂತೋಷವಲ್ಲದ ಸಾಕ್ಷಿ. ಲೇಖಕನಿಗೆ ಬೇರೆ ನಿಯಮ ಬೇಕಾಗಿಲ್ಲ. ತಾನು ಬರೆದ ಹೆಸರನ್ನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೂಗಿ ನೋಡಲಿ. ಆ ಹೆಸರಿನ ಮನುಷ್ಯ ಓಗೊಟ್ಟು ಒಳಗೆ ಬಂದರೆ, ಅವನನ್ನು ಕೂರಿಸಿ, ಅವನ ಮುಖ ನೋಡಿ, ಬರೆದದ್ದನ್ನು ಓದಿ ಹೇಳುವ ಧೈರ್ಯ ತನಗಿದೆಯೇ ಎಂದು ಕೇಳಿಕೊಳ್ಳಲಿ. ಇದ್ದರೆ ಆ ಹೆಸರು ಇರಲಿ.