ಅಂಬಿಗನೂ ಹಬೆದೋಣಿಯೂ

ಬೀದರ್, ಭಾಲ್ಕಿ, ಔರಾದ್ ಸೀಮೆಯ ಮಾಂಜ್ರಾ ನದಿತೀರದಲ್ಲಿ ಹಬೆದೋಣಿಯ ಚಿತ್ರಪರಂಪರೆಯೇನೂ ಬೆಳೆಯಲಿಲ್ಲವಾದರೂ, ಶರಣರ ಕಲ್ಯಾಣಕ್ಕೆ ಹತ್ತಿರದ ಈ ನೆಲಕ್ಕೆ 12ನೆಯ ಶತಮಾನದ ಅಂಬಿಗರ ಚೌಡಯ್ಯನ ಕಾಯಕದ ಮೂಲಕ, ಭವವನ್ನು, ಅಂದರೆ ಹುಟ್ಟುಸಾವಿನ ಸುಳಿಯನ್ನು, ದಾಟಿಸುವ ಗುರುವಿನ ಕಲ್ಪನೆ ಚಿರಪರಿಚಿತ.

ಆ ಅಂಬಿಗನ ಪಕ್ಕದಲ್ಲಿ ಒಂದು ಹಬೆದೋಣಿಯನ್ನಿಟ್ಟು ನೋಡೋಣ. ಇಂಗ್ಲಿಷ್ ಚಿತ್ರಕಾರ ಟರ್ನರ್ 1839ರಲ್ಲಿ ಪ್ರದರ್ಶಿಸಿದ ‘ದಿ ಫೈಟಿಂಗ್ ಟೆಮೆರೇರ್’ ಚಿತ್ರದಲ್ಲಿ, ಥೇಮ್ಸ್ ನದಿಯ ಮೇಲೆ ಹೊಗೆಯುಗುಳುವ ಕಪ್ಪು ಹಬೆದೋಣಿಯೊಂದು, ಮಸುಕುಬಿಳುಪಿನ ಹಳೆಯ ಯುದ್ಧನೌಕೆಯನ್ನು ಕಳಚುವ ಕಟ್ಟೆಯತ್ತ ಎಳೆದೊಯ್ಯುತ್ತದೆ. ಇದನ್ನು ಅನಿತ್ಯತೆಯ ಚಿತ್ರವೆಂದಷ್ಟೇ ಓದುವುದು ಸುಲಭ, ಆದರೆ ಸಾಲದು. ಹುಟ್ಟು ಹಾಕುವ ಅಂಬಿಗ ಪಯಣಿಗನ ಕಣ್ಣೆದುರೇ ಬೆವರುತ್ತಾನೆ. ಹಬೆದೋಣಿಯಲ್ಲಾದರೋ ಒಲೆಗೆ ಕಲ್ಲಿದ್ದಲು ತುಂಬುವವನು ತಳದ ಕೋಣೆಯಲ್ಲಿ ಮರೆಯಾಗಿರುವುದರಿಂದ, ದಾಟಿಸಿದ ಋಣ ಯಾರಿಗೆ ಸಲ್ಲಬೇಕೆಂಬುದೇ ದಡ ಸೇರಿದವನಿಗೆ ತೋಚದು.