ಹೊತ್ತು ಮುಳುಗಿತು

ಅಜ್ಜಿ ಜಗಲಿಯಿಂದ ಏಳುತ್ತಾ ‘ಹೊತ್ತು ಮುಳುಗ್ತು’ ಅಂದರೆ ಸಾಕು, ಅಮ್ಮ ದೇವರ ದೀಪಕ್ಕೆ ಎಣ್ಣೆ ಹಾಕಲು ಹೋಗುತ್ತಿದ್ದಳು. ಚಿಕ್ಕಪ್ಪ ದನ ಕಟ್ಟಲು ಕೊಟ್ಟಿಗೆಗೆ ನಡೆಯುತ್ತಿದ್ದ. ಬೀದಿಯಲ್ಲಿ ಗೋಲಿ ಆಡುತ್ತಿದ್ದ ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಓಡುತ್ತಿದ್ದೆ. ಅಜ್ಜಿ ಹೇಳಿದ್ದು ಸೂರ್ಯನ ಸುದ್ದಿ. ನಾವು ಕೇಳಿಸಿಕೊಂಡದ್ದು ನಮ್ಮ ನಮ್ಮ ಪಾಲಿನ ಮಾತು.

ಹೀಗೆ ಹೇಳಿದ ಮಾತಿನೊಳಗಿಂದ ಹೇಳದ ಅರ್ಥ ಹೊಮ್ಮುವುದಕ್ಕೆ ನಮ್ಮ ಕಾವ್ಯಮೀಮಾಂಸೆ ‘ಧ್ವನಿ’ ಎಂಬ ಹೆಸರಿಟ್ಟಿದೆ. ಸೂರ್ಯ ಮುಳುಗಿದ ಇದೇ ಉದಾಹರಣೆಯನ್ನು ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಎತ್ತಿಕೊಂಡ. ಅದೊಂದೇ ಮಾತು ಗೋವಳನಿಗೆ ಹಸುಗಳನ್ನು ಒಳಗೆ ಹೊಡೆ ಎನ್ನುತ್ತದೆ, ವ್ಯಾಪಾರಿಗೆ ಸರಕು ಕಟ್ಟು ಎನ್ನುತ್ತದೆ, ಕಾಯುತ್ತಿರುವ ಹೆಣ್ಣಿಗೆ ಇನಿಯ ಇನ್ನೂ ಬಂದಿಲ್ಲ ಎನ್ನುತ್ತದೆ. ಈ ಅರ್ಥಗಳಲ್ಲಿ ಒಂದೂ ನಿಘಂಟಿನಲ್ಲಿ ಸಿಗದು.

ಮಾತಿಗೆ ನೇರ ಅರ್ಥ ಕೊಡುವ ಶಕ್ತಿ ಅಭಿಧೆ. ನೇರ ಅರ್ಥ ಕೂಡದಿದ್ದಾಗ ಪಕ್ಕದ ಅರ್ಥಕ್ಕೆ ಸರಿಯುವುದು ಲಕ್ಷಣೆ. ‘ಗಂಗೆಯಲ್ಲಿ ಹಟ್ಟಿಯಿದೆ’ ಎಂದರೆ ಹರಿಯುವ ನೀರಿನ ಮೇಲೆ ಗುಡಿಸಲು ನಿಲ್ಲದು, ಆದ್ದರಿಂದ ದಡದಲ್ಲಿ ಎಂದು ತಿಳಿಯುತ್ತೇವೆ. ಹಾಗಾದರೆ ದಡ ಎಂದೇ ಏಕೆ ಹೇಳಲಿಲ್ಲ? ಆ ಹಟ್ಟಿಯ ತಂಪು, ಪಾವನತೆ ನಮಗೆ ತಟ್ಟಲೆಂದು. ಹಾಗೆ ತಟ್ಟಿಸುವ ಮೂರನೆಯ ಶಕ್ತಿ ವ್ಯಂಜನೆ, ಧ್ವನಿ ಹೊಮ್ಮುವುದು ಇದರಿಂದಲೇ.

ಒಂಬತ್ತನೆಯ ಶತಮಾನದಲ್ಲಿ ನಮ್ಮ ‘ಕವಿರಾಜಮಾರ್ಗ’ ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಸೇರಿಸಿತು. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ ಬರೆದು, ಧ್ವನಿಯೇ ಕಾವ್ಯದ ಆತ್ಮ ಎಂದ. ಒಡವೆಯ ಪೆಟ್ಟಿಗೆಯಲ್ಲಿದ್ದದ್ದನ್ನು ಉಸಿರಿನ ಜಾಗಕ್ಕೆ ತಂದದ್ದು ಸಣ್ಣ ಬದಲಾವಣೆಯಲ್ಲ. ಅದಕ್ಕೆ ಬಲವಾದ ಕಾರಣವೂ ಅವನಲ್ಲಿತ್ತು. ಕವಿಯು ‘ಶೋಕ’ ಎಂದು ಹತ್ತು ಸಲ ಬರೆದರೂ ಓದುವವನ ಗಂಟಲು ಕಟ್ಟುವುದಿಲ್ಲ. ಸತ್ತ ಮಗುವಿನ ಅಂಗಿಯನ್ನು ತಾಯಿ ಒಗೆದು, ಮಡಿಸಿ, ಮತ್ತೆ ಅದೇ ಗೂಡಿನಲ್ಲಿಟ್ಟಳು ಎಂದು ಬರೆದರೆ ಕಟ್ಟುತ್ತದೆ. ರಸವನ್ನು, ಅಂದರೆ ಓದುವವನು ಸವಿಯುವ ಭಾವವನ್ನು, ಹೆಸರು ಹಿಡಿದು ಕರೆದರೆ ಅದು ಬರುವುದಿಲ್ಲ, ಧ್ವನಿಯ ದಾರಿಯಲ್ಲೇ ಬರಬೇಕು.

ಮಹಿಮಭಟ್ಟ ಇದನ್ನು ಒಪ್ಪಲಿಲ್ಲ. ಹೊಗೆ ಕಂಡು ಬೆಂಕಿಯನ್ನು ಊಹಿಸುವ ಹಾಗೆ ಇದೂ ಒಂದು ಅನುಮಾನ, ಹೊಸ ಶಕ್ತಿಯೊಂದು ಬೇಕಿಲ್ಲ ಎಂದು ‘ವ್ಯಕ್ತಿವಿವೇಕ’ದಲ್ಲಿ ವಾದಿಸಿದ. ತೂಕದ ವಾದವೇ. ಆದರೂ ನನ್ನ ಮನಸ್ಸು ಆನಂದವರ್ಧನನ ಕಡೆಗೇ ವಾಲುತ್ತದೆ. ಆ ಅಂಗಿಯಿಂದ ತಾಯಿಗೆ ದುಃಖವಾಗಿದೆ ಎಂದು ಊಹಿಸಿ ತಿಳಿಯಬಹುದು. ಆದರೆ ಊಹೆ ಮುಗಿದ ಮೇಲೂ ಆ ಮಡಿಕೆ ಕಣ್ಣಮುಂದೆ ಉಳಿದು ಕಾಡುತ್ತದಲ್ಲ, ಅದು ತಿಳಿವಳಿಕೆಯಷ್ಟೇ ಆಗಿದ್ದರೆ ಹೀಗೆ ಕಾಡುತ್ತಿರಲಿಲ್ಲ. ಗಂಟೆ ಬಾರಿಸಿದ ಕೈ ಇಳಿದ ಮೇಲೂ ಮೊರೆಯುವ ನಾದದಂತೆ ಎಂದು ಧ್ವನಿಯ ಪರವಾದ ಮೀಮಾಂಸಕರು ವಿವರಿಸಿದ್ದು ಇದಕ್ಕೇ.

ಧ್ವನಿ ಎಂದರೆ ಒಗಟು ಎಂದುಕೊಂಡು ಮಾತನ್ನು ಬೇಕೆಂದೇ ಮಸುಕು ಮಾಡುವವರಿದ್ದಾರೆ. ಆನಂದವರ್ಧನ ಹೇಳುವುದು ಬೇರೆಯೇ: ಬೆಳಕು ಬೇಕಾದವನು ಮೊದಲು ದೀಪವನ್ನು ಜೋಪಾನ ಮಾಡುತ್ತಾನೆ, ಹಾಗೆಯೇ ಧ್ವನಿ ಬೇಕಾದ ಕವಿ ನೇರ ಅರ್ಥವನ್ನು ಜೋಪಾನ ಮಾಡಬೇಕು. ಅಜ್ಜಿಯ ಮಾತು ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದದ್ದು, ಹೊರಗೆ ಹೊತ್ತು ನಿಜವಾಗಿಯೂ ಮುಳುಗಿರುತ್ತಿದ್ದುದರಿಂದ.